ಅಂಗಡಿಯವರು 'ವಿಷ ಇಲ್ಲ' ಅಂತ ಮಾರುವ ಸಾಕು ಹಾವಿಗೆ ನಿಜವಾಗಿ ವಿಷ ಇರುತ್ತಾ?

ನೀವು ಕೇಳಿದ್ದು ಇಷ್ಟು: ಟೆಕ್ಸಸ್‌ನಲ್ಲಿದ್ದೀರಿ, 9 ವರ್ಷದ ಮಗ ಹಾಗ್‌ನೋಸ್ ಹಾವು ಬೇಕೇ ಬೇಕು ಅಂತ ಹಟ ಹಿಡಿದಿದ್ದಾನೆ. ಅಂಗಡಿಯವನು ವಿಷ ಇಲ್ಲ ಅಂತಾನೆ, ನೆಟ್‌ನಲ್ಲಿ ಇದೆ ಅಂತ ಬರೆದಿದ್ದಾರೆ. ಮನೆಯಲ್ಲಿ 3 ವರ್ಷದ ಮಗಳೂ ಇದ್ದಾಳೆ. ಯಾರ ಮಾತು ನಂಬಬೇಕು?

ನೆಟ್‌ನಲ್ಲಿ ಬರೆದದ್ದು ಸರಿ. ಹಾಗ್‌ನೋಸ್‌ಗೆ ವಿಷ ಇದೆ. ಆದರೆ ಅದು ನಿಮ್ಮ ಮಗನ ಪ್ರಾಣ ತೆಗೆಯುವ ವಿಷ ಅಲ್ಲ.

ನಾನೂ ಇಲ್ಲೇ ಅಮೆರಿಕದಲ್ಲಿ ಹಾವು ಸಾಕಿದ್ದೇನೆ. ಒಂದು ಕಾರ್ನ್ ಸ್ನೇಕ್, ಒಂದು ಹಾಗ್‌ನೋಸ್. (ಊರಿಗೆ ಫೋನ್ ಮಾಡಿದಾಗ ಈ ಸುದ್ದಿ ಎತ್ತುವುದಿಲ್ಲ. ಅಮ್ಮನ ಲೆಕ್ಕದಲ್ಲಿ ಹಾವು ಇರಬೇಕಾದ್ದು ಹುತ್ತದಲ್ಲಿ, ನಾವು ಮಾಡಬೇಕಾದ್ದು ಹಾಲೆರೆದು ಕೈ ಮುಗಿಯುವುದು.)

ನಾಗರಹಾವು, ಕೊಳಕುಮಂಡಲಗಳ ಹಲ್ಲು ಬಾಯಿಯ ಮುಂಭಾಗದಲ್ಲಿರುತ್ತದೆ. ವಿಷದ ಗ್ರಂಥಿಯನ್ನು ಒತ್ತಲು ಸ್ನಾಯು ಇದೆ. ಕಚ್ಚಿದ ಕ್ಷಣದಲ್ಲೇ ಇಂಜೆಕ್ಷನ್ ಕೊಟ್ಟ ಹಾಗೆ ವಿಷ ಒಳಗೆ ಹೋಗುತ್ತದೆ. ಹಾಗ್‌ನೋಸ್‌ಗೆ ಈ ಅನುಕೂಲ ಇಲ್ಲ. ಅದರ ಗ್ರಂಥಿಗೆ ಡುವರ್ನಾಯ್ ಗ್ರಂಥಿ ಅಂತ ಹೆಸರು. ವಿಷ ಜಾಸ್ತಿ ಕೂಡಿಡುವ ಚೀಲ ಇಲ್ಲ, ಜೋರಾಗಿ ಚಿಮ್ಮಿಸುವ ಸ್ನಾಯುವೂ ಇಲ್ಲ. ಮೇಲಿನ ದವಡೆಯ ಹಿಂದೆ ಎರಡು ಉದ್ದ ಹಲ್ಲುಗಳಿವೆ, ಅವೂ ಟೊಳ್ಳಲ್ಲ. ಜೊಲ್ಲಿನ ಜೊತೆ ವಿಷ ನಿಧಾನಕ್ಕೆ ಜಿನುಗಬೇಕು, ಹಲ್ಲು ಮಾಡಿದ ಗಾಯಕ್ಕೆ ಇಳಿಯಬೇಕು. ಅದಕ್ಕೇ ಅದು ಅಗಿಯುತ್ತದೆ.

ಊಟದ ಹೊತ್ತಿನಲ್ಲಿ ಇದನ್ನು ಚೆನ್ನಾಗಿ ನೋಡಬಹುದು. ಮಂಜುಗಡ್ಡೆ ಬಿಡಿಸಿದ ಸತ್ತ ಇಲಿಮರಿಯನ್ನು ಇಕ್ಕಳದಲ್ಲಿ ಹಿಡಿದು ಕೊಟ್ಟರೆ ನನ್ನದು ಗಬಕ್ಕನೆ ಹಿಡಿಯುತ್ತದೆ. ಆಮೇಲೆ ಎಡ ದವಡೆ ಒಂದು ಹೆಜ್ಜೆ ಮುಂದೆ, ಬಲ ದವಡೆ ಒಂದು ಹೆಜ್ಜೆ ಮುಂದೆ. ಇಲಿ ಒಳಗೆ ಒಳಗೆ ಹೋಗುತ್ತಾ ಹಿಂದಿನ ಹಲ್ಲಿಗೆ ಸಿಗುತ್ತದೆ. ಇಲಿಯ ಜಾಗದಲ್ಲಿ ನಿಮ್ಮ ಬೆರಳಿದ್ದರೂ ಅದು ಮಾಡುವುದು ಇದನ್ನೇ. ಹೆದರಿದಾಗ ಹಾಗ್‌ನೋಸ್ ಕಚ್ಚುವುದು ತೀರಾ ಕಡಿಮೆ. ಕತ್ತು ಅಗಲ ಮಾಡಿ ಬುಸ್ ಅನ್ನುತ್ತದೆ, ಬಾಯಿ ಮುಚ್ಚಿಕೊಂಡೇ ಕುಟ್ಟುತ್ತದೆ, ಅದೂ ಆಗದಿದ್ದರೆ ಅಂಗಾತ ಬಿದ್ದು ನಾಲಗೆ ಚಾಚಿ ಸತ್ತ ನಾಟಕ ಆಡುತ್ತದೆ. ಕಚ್ಚಿಸಿಕೊಂಡವರಲ್ಲಿ ಹೆಚ್ಚಿನವರ ಕೈ ಇಲಿ ವಾಸನೆ ಹೊಡೆಯುತ್ತಿರುತ್ತದೆ, ಅಷ್ಟೇ.

ತಕ್ಷಣ ಬಿಡಿಸಿದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಕೆಲವು ನಿಮಿಷ ಅಗಿಯಲು ಬಿಟ್ಟರೆ ಕೈ ಊದಿಕೊಳ್ಳುತ್ತದೆ, ಕೆಂಪಾಗುತ್ತದೆ, ಕೆಲವರಿಗೆ ಬೊಬ್ಬೆ ಏಳುತ್ತದೆ, ಊತ ಇಳಿಯಲು ದಿನಗಳೇ ಬೇಕು. ರಕ್ತದ ಪ್ಲೇಟ್‌ಲೆಟ್ ಕಡಿಮೆಯಾದ ಪ್ರಕರಣವನ್ನೂ ವೈದ್ಯರು ದಾಖಲಿಸಿದ್ದಾರೆ. ಹಾಗಾಗಿ 'ಜೇನು ಕಚ್ಚಿದಷ್ಟೇ ಕಣ್ರೀ' ಅನ್ನುವವರ ಮಾತು ನನಗೆ ಸರಿ ಕಾಣುವುದಿಲ್ಲ.

ಹಾಗಾದರೆ ಎಲ್ಲಾ ಸಾಕು ಹಾವುಗಳನ್ನೂ ವಿಷದ ಹಾವು ಅಂತಲೇ ಕರೆಯಬೇಕಾ? ಈ ಚರ್ಚೆ ಜೋರಾದದ್ದು 2003ರಲ್ಲಿ. ಹಾವಿನ ವಿಷದ ಸಂಶೋಧಕ ಬ್ರಯಾನ್ ಫ್ರೈ ಮತ್ತು ಜೊತೆಗಾರರು ಏಷ್ಯಾದ ಒಂದು ಇಲಿ ಹಾವಿನಲ್ಲಿ, ಅಂದರೆ ವಿಷವೇ ಇಲ್ಲ ಅಂತ ಎಲ್ಲರೂ ಅಂದುಕೊಂಡಿದ್ದ ಹಾವಿನಲ್ಲಿ, ನಾಗರಹಾವಿನ ವಿಷದ ಗುಂಪಿಗೇ ಸೇರಿದ ನರವಿಷ ಕಂಡುಹಿಡಿದರು. 2006ರಲ್ಲಿ ಇನ್ನೂ ಮುಂದೆ ಹೋಗಿ, ಹಾವುಗಳಿಗೂ ಕೆಲವು ಹಲ್ಲಿ-ಉಡಗಳಿಗೂ ವಿಷ ಒಂದೇ ಪೂರ್ವಜನಿಂದ ಬಂದಿದೆ ಅಂದರು. ಎಲ್ಲರೂ ಒಪ್ಪಲಿಲ್ಲ. 2014ರಲ್ಲಿ ಬೇರೆ ಸಂಶೋಧಕರು ಕಾರ್ನ್ ಸ್ನೇಕ್, ಬಾಲ್ ಪೈಥಾನ್ ಮುಂತಾದವನ್ನು ಪರೀಕ್ಷಿಸಿದರು. ವಿಷದ್ದು ಅಂತ ಹೆಸರಿಟ್ಟಿದ್ದ ಎಷ್ಟೋ ಜೀನ್‌ಗಳು ಮೈಯ ಬೇರೆ ಭಾಗಗಳಲ್ಲೂ ಕೆಲಸ ಮಾಡುತ್ತಿದ್ದವು. ಜೊಲ್ಲಿನಲ್ಲಿ ಸಿಕ್ಕಿದ್ದನ್ನೆಲ್ಲ ವಿಷ ಅನ್ನಬೇಡಿ ಅಂತ ಅವರ ವಾದ. ನನಗೂ ಅದೇ ಸರಿ ಅನಿಸುತ್ತದೆ. ಕಾರ್ನ್ ಸ್ನೇಕ್‌ಗೆ ವಿಷದ ಹಾವು ಅಂತ ಹಣೆಪಟ್ಟಿ ಹಚ್ಚಿದರೆ ನಿಜವಾಗಿ ಹೆದರಬೇಕಾದ ಹಾವಿಗೂ ಇದಕ್ಕೂ ವ್ಯತ್ಯಾಸವೇ ಉಳಿಯುವುದಿಲ್ಲ.

ಹೆದರಬೇಕಾದವು ಇವೆ. ಹಿಂದಿನ ಹಲ್ಲಿನ ಹಾವು ಅಂತ ಹಗುರ ಮಾಡಿದವರಲ್ಲಿ ದೊಡ್ಡ ಪಂಡಿತರೂ ಇದ್ದರು. 1957ರ ಸೆಪ್ಟೆಂಬರ್‌ನಲ್ಲಿ ಷಿಕಾಗೋದ ಫೀಲ್ಡ್ ಮ್ಯೂಸಿಯಂನಲ್ಲಿ ಹಾವು ತಜ್ಞ ಕಾರ್ಲ್ ಷ್ಮಿಟ್‌ಗೆ ಬೂಮ್‌ಸ್ಲಾಂಗ್ ಅನ್ನುವ ಆಫ್ರಿಕಾದ ಹಿಂದಿನ ಹಲ್ಲಿನ ಹಾವಿನ ಮರಿಯೊಂದು ಕಚ್ಚಿತು. ಆಸ್ಪತ್ರೆಗೆ ಹೋಗದೆ ತನಗೆ ಏನೇನಾಗುತ್ತಿದೆ ಅಂತ ಬರೆಯುತ್ತಾ ಕೂತರು. ಮರುದಿನ ತೀರಿಕೊಂಡರು. 1975ರಲ್ಲಿ ಜರ್ಮನಿಯ ಹಾವು ತಜ್ಞ ರಾಬರ್ಟ್ ಮೆರ್ಟೆನ್ಸ್‌ಗೆ ಕಚ್ಚಿದ್ದು ತಾವೇ ಸಾಕಿದ್ದ ಆಫ್ರಿಕಾದ ಕಡ್ಡಿ ಹಾವು. ಅವರೂ ಉಳಿಯಲಿಲ್ಲ.

ಇನ್ನೊಂದು ನಿಮ್ಮ ಪ್ರಶ್ನೆಗೆ ನೇರ ಸಂಬಂಧಪಟ್ಟದ್ದು. ಆಗ್ನೇಯ ಏಷ್ಯಾದ ಕೆಂಪು ಕತ್ತಿನ ಕೀಲ್‌ಬ್ಯಾಕ್ ಹಾವನ್ನು ಒಂದು ಕಾಲದಲ್ಲಿ ಅಮೆರಿಕದ ಸಾಕುಪ್ರಾಣಿ ಅಂಗಡಿಗಳಲ್ಲಿ ನಿರಪಾಯ ಅಂತಲೇ ಮಾರುತ್ತಿದ್ದರು. 1980ರ ದಶಕದಲ್ಲಿ ಅದು ಕಚ್ಚಿದವರ ರಕ್ತ ಹೆಪ್ಪುಗಟ್ಟದೆ ಹೋದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಬಂದವು. ಅಂಗಡಿಯವನ ಬಾಯಿಮಾತು ಸಾಲದು ಅನ್ನುವುದು ಇದಕ್ಕೇ. ಹಾವಿನ ವೈಜ್ಞಾನಿಕ ಹೆಸರು ಬರೆಸಿಕೊಳ್ಳಿ. ಹೆಟೆರೋಡಾನ್ ನಾಸಿಕಸ್ ಅಂತ ಇದ್ದರೆ ಅದು ವೆಸ್ಟರ್ನ್ ಹಾಗ್‌ನೋಸ್. ಹೆಸರು ಗೊತ್ತಿಲ್ಲ ಅಂದರೆ ತರಲೇಬೇಡಿ.

ತರುವುದಾದರೆ, ಊಟ ಯಾವಾಗಲೂ ಇಕ್ಕಳದಲ್ಲಿ ಕೊಡಿ, ಇಲಿ ಮುಟ್ಟಿದ ಕೈ ತೊಳೆಯದೆ ಹಾವು ಎತ್ತಬೇಡಿ. ಕಚ್ಚಿ ಹಿಡಿದರೆ ಎಳೆಯಬೇಡಿ, ಅದರ ಹಲ್ಲು ಹಿಂದಕ್ಕೆ ಬಾಗಿರುತ್ತದೆ. ತಲೆಯನ್ನು ಮುಂದಕ್ಕೆ ಒತ್ತಿ ಬಿಡಿಸಿ, ಬಿಡದಿದ್ದರೆ ತಣ್ಣೀರಿನ ಕೆಳಗೆ ಹಿಡಿಯಿರಿ. ಆಮೇಲೆ ಉಂಗುರ, ವಾಚ್ ತೆಗೆದು ಸೋಪು ಹಾಕಿ ತೊಳೆಯಿರಿ. ಕುಯ್ಯುವುದು, ಚೀಪುವುದು ಬೇಡ. ಊತ ಏರುತ್ತಿದ್ದರೆ ಅಮೆರಿಕದ ವಿಷ ಸಹಾಯವಾಣಿ 1-800-222-1222ಕ್ಕೆ ಫೋನ್ ಮಾಡಿ. ಅಲರ್ಜಿ ಥರ ಉಸಿರು ಕಟ್ಟಿದರೆ ನೇರ 911. ಇದಕ್ಕೆ ಪ್ರತಿವಿಷ ಇಲ್ಲ, ಅದರ ಅಗತ್ಯವೂ ಬಂದಿಲ್ಲ.

ನನ್ನನ್ನು ಕೇಳಿದರೆ ಮೊದಲ ಹಾವಾಗಿ ಕಾರ್ನ್ ಸ್ನೇಕ್ ತನ್ನಿ, ಒಂದೆರಡು ವರ್ಷ ಆದಮೇಲೆ ಹಾಗ್‌ನೋಸ್ ನೋಡೋಣ. ಯಾವುದೇ ತಂದರೂ ಮಗಳ ವಿಷಯದಲ್ಲಿ ಮಾತ್ರ ಬಿಗಿಯಾಗಿರಿ. ಹಾವು, ಆಮೆ, ಹಲ್ಲಿ ಯಾವುದರ ಮೈಮೇಲಾದರೂ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲ ಬ್ಯಾಕ್ಟೀರಿಯಾ ಇರಬಹುದು. 5 ವರ್ಷದೊಳಗಿನ ಮಕ್ಕಳು ಇವನ್ನು ಮುಟ್ಟುವುದು ಬೇಡ ಅಂತ ಇಲ್ಲಿನ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿಯೇ ಹೇಳುತ್ತದೆ. ಡಬ್ಬಕ್ಕೆ ಬೀಗ ಹಾಕಿ, ನೀರಿನ ಬಟ್ಟಲನ್ನು ಅಡಿಗೆ ಮನೆ ಸಿಂಕ್‌ನಲ್ಲಿ ತೊಳೆಯಬೇಡಿ. ಬಾಡಿಗೆ ಮನೆಯಾದರೆ ಕರಾರಿನಲ್ಲಿ ಹಾವು ಇಡಬಹುದಾ ಅಂತ ಈಗಲೇ ಓದಿಕೊಳ್ಳಿ.