ಸಹಿಯ ಮೇಲಿನ ಸಾಲುಗಳು

ಓದುಗರೊಬ್ಬರ ಪತ್ರ: "ನನ್ನ ಮಗಳು ಕಾನೂನು ಪದವಿಯ ಕೊನೆಯ ವರ್ಷದಲ್ಲಿದ್ದಾಳೆ. ಮಾಧ್ಯಮ, ಮನರಂಜನೆ, ತಂತ್ರಜ್ಞಾನದ ಕೇಸುಗಳನ್ನೇ ಕೋರ್ಟಿನಲ್ಲಿ ನಡೆಸುತ್ತೇನೆ ಎಂದು ಹಟ ಹಿಡಿದಿದ್ದಾಳೆ. ಸಿನಿಮಾದವರ ಹಿಂದೆ ಓಡಾಡುವ ಹುಚ್ಚು ಇದು ಅಂತ ನನ್ನ ಅನಿಸಿಕೆ. ಯಾವುದಾದರೂ ಕಂಪನಿಯ ಕಾನೂನು ವಿಭಾಗದಲ್ಲಿ ಕೂತರೆ ಸಂಬಳ ಗ್ಯಾರಂಟಿ. ಅವಳು ನಿಮ್ಮ ಪತ್ರಿಕೆ ತಪ್ಪದೆ ಓದುತ್ತಾಳೆ. ನೀವಾದರೂ ಬುದ್ಧಿ ಹೇಳಿ."

ಸಂಪಾದಕರ ಉತ್ತರ:

ನಿಮ್ಮ ಚಿಂತೆ ಅರ್ಥವಾಗುತ್ತದೆ. ಕೋರ್ಟಿನ ಜೂನಿಯರ್‌ಗೆ ಮೊದಲ ವರ್ಷಗಳಲ್ಲಿ ಕಾಸು ಕಡಿಮೆ, ಫೈಲು ಜಾಸ್ತಿ. ಎಷ್ಟೋ ಕೇಸುಗಳು ವಾದದವರೆಗೆ ಹೋಗದೆ ರಾಜಿಯಲ್ಲೇ ಮುಗಿಯುತ್ತವೆ. ಇಷ್ಟು ಒಪ್ಪಿದೆ. ಆದರೆ 'ಹುಚ್ಚು' ಅಂದಿರಲ್ಲ, ಅದನ್ನು ಒಪ್ಪಲಾರೆ. ಬುದ್ಧಿ ಹೇಳಿಸಲು ನೀವು ತಪ್ಪು ಮನುಷ್ಯನನ್ನು ಹಿಡಿದಿದ್ದೀರಿ.

ತಾರೆಯ ಪಕ್ಕ ಕಪ್ಪು ಕೋಟು ಹಾಕಿ ನಿಂತ ವಕೀಲರ ಫೋಟೊ ನೋಡಿ ನೀವು ಹೀಗೆ ಅಂದುಕೊಂಡಿರಬೇಕು. ಆ ಫೋಟೊ ಐದು ನಿಮಿಷದ ಮಾತು. ಮಿಕ್ಕ ಸಮಯವೆಲ್ಲ ಓದು. ಶುಕ್ರವಾರ ಬಿಡುಗಡೆಯಾಗಬೇಕಾದ ಚಿತ್ರಕ್ಕೆ ತಡೆಯಾಜ್ಞೆ ಕೇಳಿ ಬುಧವಾರ ಯಾರೋ ದಾವೆ ಹಾಕುತ್ತಾರೆ. ಆ ರಾತ್ರಿಯೇ ಕಥೆ, ಕರಾರು, ಇಮೇಲು ಎಲ್ಲವನ್ನೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಓದಬೇಕು. ಓದುವ ಚಟ ಇಲ್ಲದವರು ಈ ಕೆಲಸದಲ್ಲಿ ಉಳಿಯುವುದಿಲ್ಲ.

ನನಗೆ ತುಂಬಾ ಇಷ್ಟವಾದ ಒಂದು ಕೇಸು ಹೇಳುತ್ತೇನೆ. 1939ರಲ್ಲಿ ಸಂಗೀತಗಾರ ಸ್ಟ್ರಾವಿನ್‌ಸ್ಕಿ ತಮ್ಮ ಕೃತಿಯೊಂದನ್ನು ಅನಿಮೇಷನ್ ಚಿತ್ರದಲ್ಲಿ ಬಳಸಲು ಡಿಸ್ನಿ ಕಂಪನಿಗೆ ಅನುಮತಿ ಕೊಟ್ಟರು. ಸಿಕ್ಕಿದ್ದು 6,000 ಡಾಲರ್. ಮನೆಯಲ್ಲಿ ಕ್ಯಾಸೆಟ್ ಹಾಕಿಕೊಂಡು ಸಿನಿಮಾ ನೋಡುವ ಕಾಲ ಆಗ ಇನ್ನೂ ಬಂದಿರಲಿಲ್ಲ. 1991ರಲ್ಲಿ ಆ ಚಿತ್ರ ವೀಡಿಯೊ ಕ್ಯಾಸೆಟ್ಟಾಗಿ ಬಂತು. ಸಂಗೀತದ ಹಕ್ಕು ಹೊಂದಿದ್ದ ಪ್ರಕಾಶಕರು, ಇದಕ್ಕೆಲ್ಲಿ ಅನುಮತಿ ಕೊಟ್ಟಿದ್ದೆವು ಎಂದು ಕೋರ್ಟಿಗೆ ಹೋದರು. ಯಾವುದೇ ರೀತಿಯಲ್ಲಿ, ಯಾವುದೇ ಮಾಧ್ಯಮದಲ್ಲಿ, ಯಾವುದೇ ರೂಪದಲ್ಲಿ ಧ್ವನಿಮುದ್ರಿಸಬಹುದು ಎಂದಿದ್ದ ಆ ಹಳೇ ಕಾಗದದ ಮೇಲೆಯೇ ವಾದವೆಲ್ಲ ನಡೆಯಿತು. ಆ ಮಾತು ವೀಡಿಯೊಗೂ ಸಾಲುತ್ತದೆ ಎಂದು 1998ರಲ್ಲಿ ಮೇಲ್ಮನವಿ ಕೋರ್ಟ್ ಹೇಳಿತು. ಅಷ್ಟು ಹೊತ್ತಿಗೆ ಸಹಿ ಮಾಡಿದ್ದ ಸ್ಟ್ರಾವಿನ್‌ಸ್ಕಿ ತೀರಿಕೊಂಡು 27 ವರ್ಷ ಆಗಿತ್ತು. ಮಾಧ್ಯಮ, ಮನರಂಜನೆ, ತಂತ್ರಜ್ಞಾನ ಮೂರೂ ಒಂದೇ ಕೇಸಿನಲ್ಲಿ! ನಿಮ್ಮ ಮಗಳಿಗೆ ಹುಚ್ಚು ಹಿಡಿದಿದ್ದರೆ ಇಂಥದ್ದರದ್ದೇ ಹಿಡಿದಿರಬೇಕು, ಅಲ್ವಾ?

ಓದಿದವರು ಗೆದ್ದದ್ದೂ ಉಂಟು. ನಟಿ ಒಲಿವಿಯಾ ಡಿ ಹ್ಯಾವಿಲೆಂಡ್ ಏಳು ವರ್ಷದ ಕರಾರಿಗೆ ಸಹಿ ಮಾಡಿದ್ದರು. ಪಾತ್ರ ಬೇಡವೆಂದಾಗೆಲ್ಲ ಸ್ಟುಡಿಯೊ ಅವರನ್ನು ಅಮಾನತು ಮಾಡಿ, ಆ ದಿನಗಳನ್ನು ಕರಾರಿನ ಕೊನೆಗೆ ಸೇರಿಸುತ್ತಿತ್ತು. ಹೀಗಾದರೆ ಏಳು ವರ್ಷ ಮುಗಿಯುವುದು ಯಾವಾಗ? ಏಳು ವರ್ಷಕ್ಕಿಂತ ಹೆಚ್ಚು ಕಾಲ ಯಾರನ್ನೂ ದುಡಿಮೆಗೆ ಕಟ್ಟಿಹಾಕುವಂತಿಲ್ಲ ಎಂಬ ಕ್ಯಾಲಿಫೋರ್ನಿಯಾದ ಕಾರ್ಮಿಕ ಕಾನೂನನ್ನು ಅವರ ವಕೀಲರು ಮುಂದಿಟ್ಟರು. ಏಳು ವರ್ಷ ಎಂದರೆ ಕ್ಯಾಲೆಂಡರಿನ ಏಳು ವರ್ಷವೇ ಎಂದು 1944ರಲ್ಲಿ ಮೇಲ್ಮನವಿ ಕೋರ್ಟ್ ತೀರ್ಪು ಕೊಟ್ಟಿತು. ಇಡೀ ಹಾಲಿವುಡ್ಡಿನ ನಟನಟಿಯರಿಗೆ ಉಸಿರು ಬಂತು. ಅದೇ ಗಟ್ಟಿಗಿತ್ತಿ ನೂರು ದಾಟಿದ ಮೇಲೂ, ಟಿವಿ ಧಾರಾವಾಹಿಯೊಂದರಲ್ಲಿ ತಮ್ಮನ್ನು ಕೆಟ್ಟದಾಗಿ ತೋರಿಸಿದ್ದಾರೆ ಎಂದು ಕೇಸು ಹಾಕಿದರು. ಆ ಸಲ ಸೋತರು. ಕಲಾವಿದರ ಅಭಿವ್ಯಕ್ತಿ ಸ್ವಾತಂತ್ರ್ಯದ ಕಡೆಗೆ 2018ರಲ್ಲಿ ತಕ್ಕಡಿ ವಾಲಿತು. ನನ್ನನ್ನು ಕೇಳಿದರೆ ಎರಡು ತೀರ್ಪೂ ಸರಿ.

ಇನ್ನು ತಂತ್ರಜ್ಞಾನ. ಸಾಫ್ಟ್‌ವೇರ್ ಕಂಪನಿ ಆರಕಲ್ ಮತ್ತು ಗೂಗಲ್ ನಡುವೆ ಕಂಪ್ಯೂಟರ್ ಕೋಡ್ ನಕಲಿನ ಬಗ್ಗೆ ನಡೆದ ಕಾಪಿರೈಟ್ ಜಗಳ 2010ರಲ್ಲಿ ಶುರುವಾಗಿ 2021ರಲ್ಲಿ ಗೂಗಲ್ ಪರವಾಗಿ ಮುಗಿಯಿತು. ಮೊದಲ ವಿಚಾರಣೆಯಲ್ಲಿ ಒಂಬತ್ತು ಸಾಲಿನ ಒಂದು ಕೋಡ್ ಬಗ್ಗೆ ಭಾರೀ ವಾದ ನಡೆದಾಗ ನ್ಯಾಯಾಧೀಶ ಆಲ್ಸಪ್, ಇಂಥದ್ದನ್ನು ನಾನೇ ಎಷ್ಟೋ ಸಲ ಬರೆದಿದ್ದೇನೆ ಎಂದುಬಿಟ್ಟರು. ಎದುರಿಗಿದ್ದ ವಕೀಲರ ಮುಖ ಹೇಗಾಗಿರಬೇಕು! ಬೇರೆಯವರ ಕಸುಬನ್ನು ಕೂತು ಕಲಿಯುವುದು, ಅದಕ್ಕೆ ಸಂಬಳವನ್ನೂ ತೆಗೆದುಕೊಳ್ಳುವುದು, ಇಂಥ ಭಾಗ್ಯ ಎಷ್ಟು ಜನಕ್ಕಿದೆ?

ನಮ್ಮಲ್ಲಿ ಹಾಡು ಕಟ್ಟುವವರ ಕಥೆ ಬೇರೆ. ನಿರ್ಮಾಪಕರು ಹಣ ಕೊಟ್ಟು ಮಾಡಿಸಿಕೊಂಡ ಹಾಡಿನ ಮೊದಲ ಒಡೆಯರು ನಿರ್ಮಾಪಕರೇ ಎಂದು 1977ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಚಿತ್ರಮಂದಿರದ ಹೊರಗೆ ಹಾಡು ಬಳಕೆಯಾದಾಗ ಬರುವ ರಾಯಲ್ಟಿಯಲ್ಲಿ ತಮ್ಮ ಪಾಲನ್ನು ಗೀತರಚನಕಾರರು, ಸಂಗೀತ ನಿರ್ದೇಶಕರು ನಿರ್ಮಾಪಕರಿಗೆ ಬರೆದುಕೊಡುವಂತೆಯೇ ಇಲ್ಲ ಎಂದು ಕಾನೂನು ಬದಲಾಗಲು 2012 ಬರಬೇಕಾಯಿತು. ಅದರ ನಡುವೆ ಎಷ್ಟು ಜನ ಬರಿಗೈಯಲ್ಲಿ ಹೋದರೋ.

ಹಾಗಂತ ಕಲಾವಿದರು ಪಾಪದವರು, ಕಂಪನಿಯವರೆಲ್ಲ ಕಳ್ಳರು ಅನ್ನುವುದಿಲ್ಲ. ನನ್ನ ಕೋಪ ಕಲಾವಿದರ ಮೇಲೂ ಇದೆ. ಕಥೆಗಾರ ಗೆಳೆಯನೊಬ್ಬ ಕಾದಂಬರಿಯನ್ನು ಧಾರಾವಾಹಿಗೆ ಕೊಟ್ಟ ಸಂಭ್ರಮದಲ್ಲಿ ನನಗೆ ಕರಾರು ತೋರಿಸಿದ. 'ಈಗಿರುವ ಮತ್ತು ಮುಂದೆ ಬರಲಿರುವ ಎಲ್ಲ ಮಾಧ್ಯಮಗಳಲ್ಲಿ, ಇಡೀ ವಿಶ್ವದಲ್ಲಿ, ಶಾಶ್ವತವಾಗಿ' ಎಂದಿತ್ತು. ಚಂದ್ರಲೋಕವನ್ನೂ ಬಿಟ್ಟಿರಲಿಲ್ಲ. ಓದಿದೆಯೇನೋ ಅಂದೆ. "ಸುಮ್ನೆ ಯಾಕೆ ತಲೆ ಕೆಡಿಸಿಕೊಳ್ಳೋದು, ಎಲ್ಲರೂ ಮಾಡ್ತಾರೆ" ಅಂದ. ಮುನ್ನೂರು ಪುಟದ ಕಾದಂಬರಿ ಬರೆದವನಿಗೆ ನಾಲ್ಕು ಪುಟ ಓದಲು ಬೇಜಾರು!

ಅವನೊಬ್ಬನೇ ಅಲ್ಲ. ಫೋನಿನಲ್ಲಿ 'ಒಪ್ಪಿದ್ದೇನೆ' ಗುಂಡಿ ಒತ್ತುವ ಮುಂಚೆ ಯಾರು ಓದುತ್ತಾರೆ ಹೇಳಿ. ಮುಖ, ದನಿ ಎರಡನ್ನೂ ಯಂತ್ರ ನಕಲು ಮಾಡುವ ಕಾಲ ಇದು. 2023ರಲ್ಲಿ ಹಾಲಿವುಡ್ ನಟರು 118 ದಿನ ಮುಷ್ಕರ ಹೂಡಿದಾಗ ಇದೂ ಒಂದು ದೊಡ್ಡ ಜಗಳವಾಗಿತ್ತು. ಶಾಲೆಯಲ್ಲಿ ಪ್ರಬಂಧ ಬರೆಸುತ್ತಾರೆ, ರಜೆ ಅರ್ಜಿ ಬರೆಸುತ್ತಾರೆ. ಒಂದು ಬಾಡಿಗೆ ಕರಾರನ್ನು ಓದಿಸಿ ಅರ್ಥ ಕೇಳಿದ ಮೇಷ್ಟ್ರನ್ನು ನಾನು ಕಂಡಿಲ್ಲ.

ನಮ್ಮ ಲೇಖಕರಿಗೂ ಒಂದು ಒಪ್ಪಿಗೆ ಪತ್ರ ಕಳಿಸುತ್ತೇವೆ. ಎಲ್ಲರೂ ಕೊನೆಯ ಪುಟ ತಿರುಗಿಸಿ ಸಹಿ ಮಾಡಿ ಕಳಿಸುತ್ತಾರೆ. ಈಚೆಗೆ ಹೊಸ ಲೇಖಕಿಯೊಬ್ಬರು ಫೋನ್ ಮಾಡಿ, "ಸರ್, ಪುಸ್ತಕವಾಗಿ ತರುವ ಹಕ್ಕನ್ನೂ ನಿಮಗೆ ಯಾಕೆ ಕೊಡಬೇಕು?" ಎಂದು ಕೇಳಿದರು. ಕೊಡಬೇಕಾಗಿಲ್ಲ, ಆ ಸಾಲು ಹೊಡೆದು ಕಳಿಸಿ ಅಂದೆ. ಹೊಡೆದು ಕಳಿಸಿದರು, ಹೊಡೆದ ಜಾಗದಲ್ಲಿ ನನ್ನ ಸಹಿಯನ್ನೂ ಕೇಳಿ ಹಾಕಿಸಿಕೊಂಡರು.