ಪ್ರತಿಕ್ರಿಯೆ: ಕ್ಯಾಮೆರಾ ದಂಡದ ದುಡ್ಡು ಪಾಲಿಕೆಗೆ ಹೋಗುತ್ತಾ?

ಗಾಂಧಿ ಸರ್ಕಲ್‌ನಲ್ಲಿ ಹೆಲ್ಮೆಟ್ ಇಲ್ಲದ್ದಕ್ಕೆ 500 ರೂಪಾಯಿ ನೋಟಿಸ್ ಬಂತು, ದಾವಣಗೆರೆ ಪಾಲಿಕೆ ಖಜಾನೆ ತುಂಬಿಸಿಕೊಳ್ಳೋಕೆ ಕ್ಯಾಮೆರಾ ಹಾಕಿದೆಯಾ ಅಂತ ಕೇಳಿದ್ದೀರಿ. ಇಲ್ಲ. ಆ ದುಡ್ಡು ರಾಜ್ಯದ ಖಜಾನೆಗೆ ಹೋಗುತ್ತದೆ. ಪಾಲಿಕೆಯ ಆದಾಯ ಅಂದರೆ ಆಸ್ತಿ ತೆರಿಗೆ, ನೀರಿನ ಕರ, ಮಳಿಗೆ ಬಾಡಿಗೆ, ಲೈಸೆನ್ಸ್ ಶುಲ್ಕ, ಜೊತೆಗೆ ಸರ್ಕಾರದ ಅನುದಾನ. ನಿಮ್ಮ 500 ರೂಪಾಯಿಯಿಂದ ನಮ್ಮ ರಸ್ತೆಯ ಒಂದು ಗುಂಡಿಯೂ ನೇರವಾಗಿ ಮುಚ್ಚುವುದಿಲ್ಲ. ನನಗೆ ಸಿಟ್ಟು ಬರೋದು ಅದಕ್ಕೇ!

ನಿಮ್ಮ ಅನುಮಾನ ಸುಮ್ನೆ ಹುಟ್ಟಿದ್ದೇನಲ್ಲ. ಅಮೆರಿಕದ ಚಿಕಾಗೋದಲ್ಲಿ ಕ್ಯಾಮೆರಾ ದಂಡ ನಗರಾಡಳಿತಕ್ಕೇ ಸೇರುತ್ತದೆ, ಅಲ್ಲಿ ಈ ಜಗಳ ಹಳೆಯದು. ನಮ್ಮಲ್ಲಿ ಕಥೆ ಬೇರೆ. 2021ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 167ಎ ಅನ್ನುವ ನಿಯಮ ಸೇರಿತು. ಅದರಲ್ಲಿ ಕ್ಯಾಮೆರಾ ಇಡಬೇಕಾದ ಊರುಗಳ ಪಟ್ಟಿ ಇದೆ, ದಾವಣಗೆರೆಯೂ ಅದರಲ್ಲಿದೆ. ವಿಚಿತ್ರ ಅಂದರೆ, ಗಾಳಿ ಮಾಲಿನ್ಯದ ಊರುಗಳ ಪಟ್ಟಿಯಿಂದ ನಾವು ಅಲ್ಲಿ ಸೇರಿದ್ದು.

ಅದೇ ನಿಯಮ ನಿಮಗೂ ಕೆಲಸಕ್ಕೆ ಬರುತ್ತದೆ. ಕ್ಯಾಮೆರಾ ಇದೆ ಅನ್ನುವ ಫಲಕ ಎದ್ದು ಕಾಣಬೇಕು. ಉಪಕರಣಕ್ಕೆ ಪ್ರತಿ ವರ್ಷ ನವೀಕರಿಸಿದ ಪ್ರಮಾಣಪತ್ರ ಇರಬೇಕು. ನೋಟಿಸ್‌ನಲ್ಲಿ ತಪ್ಪು ಮತ್ತು ನಂಬರ್ ಪ್ಲೇಟ್ ಎರಡೂ ಸ್ಪಷ್ಟವಾಗಿ ಕಾಣುವ ಫೋಟೋ, ದಿನ, ಸಮಯ, ಜಾಗ ಇರಬೇಕು. ಮೊದಲು ಫೋಟೋ ತೆರೆದು ನೋಡಿ. ಗಾಡಿ ನಿಮ್ಮದಲ್ಲದಿದ್ದರೆ ದುಡ್ಡು ಕಟ್ಟಬೇಡಿ, ಸಂಚಾರ ಠಾಣೆಗೆ ಹೋಗಿ ಆಕ್ಷೇಪ ಬರೆದುಕೊಡಿ. ತಲೆ ನಿಮ್ಮದೇ, ಹೆಲ್ಮೆಟ್ ಇಲ್ಲ ಅಂತಾದರೆ ಕಟ್ಟಿಬಿಡಿ.