ಕೊಲೆ ಬರೆಯೋದಕ್ಕೂ ಎಂ.ಎ. ಬೇಕಾ?

ಓದುಗರ ಪತ್ರ: ಎಂಟು ವರ್ಷದಿಂದ ಕೆಲಸದಲ್ಲಿದ್ದೇನೆ. ಪತ್ತೇದಾರಿ ಕಾದಂಬರಿ ಬರೆಯುವ ಹುಚ್ಚು. ಕ್ರೈಮ್, ಥ್ರಿಲ್ಲರ್ ಬರವಣಿಗೆಯಲ್ಲೇ ಸ್ನಾತಕೋತ್ತರ ಪದವಿ ಮಾಡಬಹುದಂತೆ. ಮನೆಯಲ್ಲಿ ಹೇಳಿದರೆ ಎಲ್ಲರೂ ನಗುತ್ತಾರೆ. ಇದು ಕಲಿಸಿದರೆ ಬರುವ ವಿದ್ಯೆಯಾ? ಸೇರಲಾ, ಬೇಡವಾ? ನಾನು ಬರೆದ ಎರಡು ಪುಟ ಜೊತೆಗಿಟ್ಟಿದ್ದೇನೆ.

ಸಂಪಾದಕರ ಉತ್ತರ: ನಗುವವರು ನಗಲಿ ಬಿಡಿ. ಕೋರ್ಸ್ ಇರುವುದು ನಿಜ. ಇಂಗ್ಲೆಂಡಿನ ನಾರಿಚ್‌ನಲ್ಲಿರುವ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾಲಯದಲ್ಲಿ ಕ್ರೈಮ್ ಫಿಕ್ಷನ್‌ಗೇ ಮೀಸಲಾದ ಎಂ.ಎ. ಇದೆ. ಕೇಂಬ್ರಿಜ್‌ನಲ್ಲಿ ‘ಕ್ರೈಮ್ ಅಂಡ್ ಥ್ರಿಲ್ಲರ್ ರೈಟಿಂಗ್’ ಅನ್ನುವ ಹೆಸರಿನಲ್ಲೇ ಮಾಸ್ಟರ್ಸ್ ಇದೆ. ಎರಡೂ ಎರಡು ವರ್ಷದ ಪಾರ್ಟ್ ಟೈಮ್ ಕೋರ್ಸ್‌ಗಳು. ಈಸ್ಟ್ ಆಂಗ್ಲಿಯಾದವರು ಕಥೆ ಬರೆಯುವುದನ್ನು ಎಂ.ಎ. ತರಗತಿಯಲ್ಲಿ ಕಲಿಸಲು ಶುರು ಮಾಡಿದ್ದೇ 1970ರಲ್ಲಿ. ಹಾಗಾಗಿ ಇದೇನೂ ನಿನ್ನೆ ಮೊನ್ನೆಯ ಹೊಸ ಆಟ ಅಲ್ಲ.

ಕಲಿಸಿದರೆ ಬರುತ್ತಾ? ಬರುತ್ತೆ. ಕವಿತೆಗಿಂತ ಜಾಸ್ತಿ ಬರುತ್ತೆ ಅಂತ ನನ್ನ ಅನಿಸಿಕೆ. ಇದರಲ್ಲಿ ಗಡಿಯಾರದ ಹಾಗೆ ಬಿಚ್ಚಿ ನೋಡಬಹುದಾದ ಭಾಗಗಳಿವೆ. ತ್ಸ್ವೆತಾನ್ ತೊದೊರೊವ್ ಅನ್ನುವ ವಿಮರ್ಶಕ 1966ರಲ್ಲಿ ಒಂದು ಮಾತು ಬರೆದ. ಪತ್ತೇದಾರಿ ಕಾದಂಬರಿಯಲ್ಲಿ ಎರಡು ಕಥೆ ಇರುತ್ತವೆ, ಒಂದು ಅಪರಾಧದ್ದು, ಇನ್ನೊಂದು ತನಿಖೆಯದ್ದು. ಮೊದಲನೆಯದು ಪುಸ್ತಕ ತೆರೆಯುವ ಮೊದಲೇ ಮುಗಿದಿರುತ್ತೆ. ಓದುಗನ ಕೈಗೆ ಸಿಗುವುದು ಎರಡನೆಯದು ಮಾತ್ರ.

ನಿಮ್ಮ ಎರಡು ಪುಟ ಎಡವಿದ್ದು ಇಲ್ಲೇ. ಕೊಲೆ ಮಾಡಿದ್ದು ಯಾರು ಅಂತ ನಿಮಗೇ ಇನ್ನೂ ಗೊತ್ತಿಲ್ಲ, ಅಲ್ವಾ? ಮೊದಲ ಪುಟದಲ್ಲಿ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದೆ. ಎರಡನೇ ಪುಟದಲ್ಲಿ ಪಕ್ಕದ ಮನೆಯವರು ಸುಮ್ನೆ ಬಾಗಿಲು ತಳ್ಳಿಕೊಂಡು ಒಳಗೆ ಬರುತ್ತಾರೆ. ಚಿಲಕ ತೆಗೆದವರು ಯಾರು? (ನಾನು ನಗುತ್ತಿಲ್ಲ. ಹಿಂದೆ ನಾನೂ ಒಂದು ಪತ್ತೇದಾರಿ ಧಾರಾವಾಹಿ ಬರೆದಿದ್ದೆ. ಮೂರನೇ ಕಂತಿನಲ್ಲಿ ಸತ್ತವನು ಏಳನೇ ಕಂತಿನಲ್ಲಿ ಟೀ ಕುಡಿಯುತ್ತಾ ಕೂತಿದ್ದ. ಹಿಡಿದವರು ಓದುಗರು.)

ಇನ್ನೊಂದು ಸಾಲು: ‘ಹೆಣದ ಪಕ್ಕ ಒಂದು ವಿಚಿತ್ರವಾದ ಕೀಲಿಕೈ ಬಿದ್ದಿತ್ತು.’ ಇದು ಸುಳಿವಿನ ಮೇಲೆ ಟಾರ್ಚ್ ಬಿಟ್ಟ ಹಾಗಾಯಿತು. ಹೀಗೆ ಬರೆದು ನೋಡಿ: ‘ಮೇಜಿನ ಮೇಲೆ ಕನ್ನಡಕ, ಎರಡು ಕೀಲಿಕೈ, ಅರ್ಧ ಕುಡಿದ ಟೀ. ಟೀಗೆ ಇರುವೆ ಮುತ್ತಿತ್ತು.’ ಓದುಗನ ಕಣ್ಣು ಇರುವೆಯ ಹಿಂದೆ ಹೋಗುತ್ತೆ. ಕೀಲಿಕೈ ಕಂಡಿರುತ್ತೆ, ಆದರೆ ನೋಡಿರುವುದಿಲ್ಲ. ಕೊನೆಗೆ ಅದೇ ಕೀಲಿಕೈ ಹೊರಗೆ ಬಂದಾಗ ನಿಮ್ಮನ್ನು ಮೋಸಗಾರ ಅನ್ನುವ ಹಾಗಿಲ್ಲ.

ಥ್ರಿಲ್ಲರ್ ಲೆಕ್ಕ ಬೇರೆ. ಅಲ್ಲಿ ಬಚ್ಚಿಡುವುದಕ್ಕಿಂತ ಮೊದಲೇ ಹೇಳಿಬಿಡುವುದು ಕೆಲಸಕ್ಕೆ ಬರುತ್ತೆ. ಸಿನಿಮಾ ನಿರ್ದೇಶಕ ಹಿಚ್‌ಕಾಕ್ ಕೊಟ್ಟ ಉದಾಹರಣೆ ಕೇಳಿರಬಹುದು. ಮೇಜಿನ ಕೆಳಗಿನ ಬಾಂಬ್ ಧಿಡೀರ್ ಅಂತ ಸಿಡಿದರೆ ನೋಡುವವರಿಗೆ 15 ಸೆಕೆಂಡಿನ ಬೆಚ್ಚು. ಬಾಂಬ್ ಇದೆ ಅಂತ ಅವರಿಗೆ ಮೊದಲೇ ಗೊತ್ತಿದ್ದರೆ 15 ನಿಮಿಷದ ಚಡಪಡಿಕೆ.

ಇದನ್ನೆಲ್ಲ ಮನೆಯಲ್ಲಿ ಕೂತೂ ಕಲಿಯಬಹುದು. ಕೋರ್ಸ್ ಕೊಡುವುದು ಮುಖ್ಯವಾಗಿ ಎರಡು: ಗಡುವು ಮತ್ತು ಮುಲಾಜಿಲ್ಲದ ಓದುಗರು. ನಿಮ್ಮ ಅಧ್ಯಾಯವನ್ನು ಸಹಪಾಠಿಗಳು ನಿಮ್ಮೆದುರೇ ಬಿಡಿಸಿ ನೋಡುತ್ತಾರೆ. ‘ಅದು ಹಾಗಲ್ಲ, ನಾನು ಹೇಳಹೊರಟಿದ್ದು...’ ಅಂತ ನೀವು ಬಾಯಿ ಹಾಕಿ ಉಪಯೋಗವಿಲ್ಲ. ಪುಟದಲ್ಲಿ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಈಸ್ಟ್ ಆಂಗ್ಲಿಯಾದಲ್ಲಂತೂ ಕೋರ್ಸ್ ಮುಗಿಯುವ ಹೊತ್ತಿಗೆ ಒಂದು ಪೂರ್ತಿ ಕಾದಂಬರಿ ಬರೆದು ಒಪ್ಪಿಸಬೇಕು. ಬರೆಯುವುದರ ಜೊತೆ ಓದು, ವಿಮರ್ಶೆಯೂ ಇರುತ್ತೆ. ಬರೀ ಕಥೆ ಗೀಚಿಕೊಂಡು ಇರಬಹುದು ಅಂದುಕೊಂಡು ಹೋಗಬೇಡಿ.

ಕೊಡದೇ ಇರುವುದು ಪ್ರಕಾಶಕರನ್ನು. ಡಿಗ್ರಿ ನೋಡಿ ಯಾರೂ ಪುಸ್ತಕ ಹಾಕುವುದಿಲ್ಲ. ಹಸ್ತಪ್ರತಿ ತಂದವರ ಹತ್ತಿರ ನಾನು ಒಮ್ಮೆಯೂ ಮಾರ್ಕ್ಸ್ ಕಾರ್ಡ್ ಕೇಳಿಲ್ಲ. ಹೊರದೇಶದಿಂದ ಹೋಗುವವರಿಗೆ ಫೀಸೂ ಜಾಸ್ತಿ. ಸಾಲ ಮಾಡಿ ಸೇರಿ, ಪುಸ್ತಕ ಮಾರಿ ತೀರಿಸುತ್ತೇನೆ ಅನ್ನುವ ಯೋಚನೆ ಇದ್ದರೆ ಈಗಲೇ ಬಿಟ್ಟುಬಿಡಿ. ಕೆಲಸ ಇಟ್ಟುಕೊಂಡು, ಕೈಯಲ್ಲಿ ದುಡ್ಡಿದ್ದರೆ ಸೇರಿ.

ಅರ್ಜಿಯ ಜೊತೆ ಹೇಗೂ ಬರವಣಿಗೆಯ ಮಾದರಿ ಕೇಳುತ್ತಾರೆ. ಅದಕ್ಕೆ ಮೊದಲು ಒಂದು ಹಾಳೆ ತಗೊಂಡು ಕೊಲೆಗಾರನ ಆ ದಿನವನ್ನು ಬೆಳಗಿನಿಂದ ರಾತ್ರಿವರೆಗೆ ಗಂಟೆ ಗಂಟೆಗೆ ಬರೆಯಿರಿ. ಅದು ಓದುಗರಿಗಲ್ಲ, ನಿಮಗೆ. ಆಮೇಲೆ ಆ ಎರಡು ಪುಟ ತಿದ್ದಿ ನನಗೆ ಇನ್ನೊಮ್ಮೆ ಕಳಿಸಿ. ಚಿಲಕ ಮಾತ್ರ ಮರೀಬೇಡಿ.